ಹೊಟ್ಟಿನ ಬೂದಿ, ಗಣಿಯ ಕಲ್ಲು

ನಂಜನಗೂಡಿನ ಹಲ್ಲುಪುಡಿ ಎಂದರೆ ಹಳೇ ಮೈಸೂರಿನ ಮನೆಗಳಲ್ಲಿ ಬೇರೆ ಪರಿಚಯ ಬೇಕಿಲ್ಲ. 1913ರಲ್ಲಿ ಬಿ.ವಿ. ಪಂಡಿತರು ಕಟ್ಟಿದ ಸದ್ವೈದ್ಯಶಾಲೆಯಿಂದ ಊರೂರಿಗೆ ಹೋದ ಆ ಪುಡಿಯ ಮೂಲ ಸರಕು ಸುಟ್ಟ ಭತ್ತದ ಹೊಟ್ಟು. ಗಿರಣಿಯವರು ಬೇಡವೆಂದು ಸುರಿದದ್ದನ್ನು ಪಂಡಿತರು ನಾಡಿನ ಬಾಯಿಗೆ ತಲುಪಿಸಿದರು. ಪೇಸ್ಟು ಬಂದ ಮೇಲೆ ಹೊಟ್ಟಿನ ಮಹಿಮೆ ಮರೆತೇಹೋಯಿತು.

ನೂರು ಕಿಲೋ ಭತ್ತಕ್ಕೆ ಸುಮಾರು 20 ಕಿಲೋ ಹೊಟ್ಟು. ಅದನ್ನು ಸುಟ್ಟರೆ ಸುಮಾರು 4 ಕಿಲೋ ಬೂದಿ. ಆ ಬೂದಿಯಲ್ಲಿ ನೂರಕ್ಕೆ 85ರಿಂದ 95 ಪಾಲು ಸಿಲಿಕಾ. ಗಾಜಿನ ಜೀವಾಳವೂ ಅದೇ. 700 ಡಿಗ್ರಿಯೊಳಗೆ ಹದವಾಗಿ ಸುಟ್ಟ ಬೂದಿ ಸುಣ್ಣದ ಜೊತೆ ಸೇರಿ ಗಟ್ಟಿ ಗಾರೆಯಾಗುತ್ತದೆ; ಹೆಚ್ಚು ಕಾದರೆ ಹರಳುಗಟ್ಟಿ ಮೊಂಡಾಗುತ್ತದೆ. ಗಾಜು ಮಾಡುವವರಿಗೆ ಮಾತ್ರ ಎರಡೂ ನಡೆದೀತು, ಹೇಗೂ ಕರಗಿಸುವುದೇ ತಾನೆ.

ಟಿ. ನರಸೀಪುರದ ಕಾಲುವೆ ಬಯಲಿನಲ್ಲಿ ಭತ್ತಕ್ಕೆ ಬರವಿಲ್ಲ. ಇತ್ತ ಮೈಸೂರು–ನಂಜನಗೂಡು ನಡುವಿನ ದೊಡ್ಡಕಾನ್ಯ, ಸಿಂಧುವಳ್ಳಿ ಕಡೆಯ ನೆಲದಲ್ಲಿ ಮ್ಯಾಗ್ನೆಸೈಟ್, ಕ್ರೋಮೈಟ್, ಡ್ಯುನೈಟ್ ಇವೆ. ಅದಿರು ತೆಗೆದ ಕಡೆ ಉಳಿಯುವ ಕಲ್ಲಿನಲ್ಲೂ ಮೆಗ್ನೀಷಿಯಂ ತುಂಬಿರುತ್ತದೆ. ಬೂದಿ, ಈ ಕಲ್ಲು, ಒಂದಿಷ್ಟು ಸುಣ್ಣ ಸೇರಿದರೆ ಗಾಜು–ಪಿಂಗಾಣಿಗೆ, ಅಂದರೆ ಒಳಗೆ ಹರಳು ಕಟ್ಟಿಸಿದ ಗಾಜಿಗೆ, ಬೇಕಾದ ಸರಕೆಲ್ಲ ಕೂಡಿದಂತೆ.

ಗಾಜು–ಪಿಂಗಾಣಿ ಹುಟ್ಟಿದ್ದೇ ಒಂದು ಎಡವಟ್ಟಿನಿಂದ. 1953ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯಲ್ಲಿ ಡೊನಾಲ್ಡ್ ಸ್ಟೂಕಿ 600 ಡಿಗ್ರಿಗೆ ಇಟ್ಟಿದ್ದ ಕುಲುಮೆ ಕೆಟ್ಟು 900ಕ್ಕೆ ಏರಿತು. ಒಳಗಿನ ಗಾಜು ಬೆಳ್ಳಗಾಗಿತ್ತು. ಹೊರತೆಗೆಯುವಾಗ ಇಕ್ಕುಳದಿಂದ ಜಾರಿ ಬಿತ್ತು, ಒಡೆಯಲಿಲ್ಲ. ಒಳಗೆಲ್ಲ ಸಣ್ಣ ಹರಳು ಕಟ್ಟಿತ್ತು. ಹಾಲಿಗೆ ಹೆಪ್ಪು ಹಾಕುವಂತೆ ಕರಗಿದ ಗಾಜಿಗೂ ಹರಳಿನ ಬೀಜ ಬೇಕು. ಕ್ರೋಮಿಯಂ ಆಕ್ಸೈಡ್ ಅಂಥ ಬೀಜವಾಗಬಲ್ಲದು. ಅದೂ ಸಿಂಧುವಳ್ಳಿಯ ಕ್ರೋಮೈಟಿನಲ್ಲೇ ಇದೆ! 1960ರ ದಶಕದಲ್ಲಿ ಸೋವಿಯತ್ ಒಕ್ಕೂಟದವರು ಕಬ್ಬಿಣದ ಕುಲುಮೆಯ ಕಿಟ್ಟದಿಂದ ‘ಸ್ಲಾಗ್‌ಸಿಟಾಲ್’ ಎಂಬ ಹಾಸುಗಲ್ಲನ್ನು ಕಾರ್ಖಾನೆ ಮಟ್ಟದಲ್ಲೇ ಮಾಡಿದರು.

ತೊಡಕಿಲ್ಲವೆಂದಲ್ಲ. ಕರಗಿಸಲು 1400 ಡಿಗ್ರಿಯ ಆಸುಪಾಸು ಶಾಖ ಬೇಕು, ಆಮೇಲೆ ಹರಳು ಕಟ್ಟಿಸಲು ಮತ್ತೆ ಕಾಯಿಸಬೇಕು. ಇಂಧನದ ಬಿಲ್ಲೇ ಲಾಭ ನುಂಗಬಹುದು. ಕ್ರೋಮಿಯಂ ರೂಪ ಬದಲಿಸಿದರೆ ವಿಷ. ಹಾಸುಗಲ್ಲಿನಿಂದ ಅದು ನೀರಿಗೆ ಸೇರುವುದಿಲ್ಲವೆಂದು ಮೊದಲು ಖಾತ್ರಿಯಾಗಬೇಕು. ಹಾಗಾಗಿ ಬೂದಿಗೆ ಸದ್ಯ ಗಾರೆ, ಇಟ್ಟಿಗೆಯ ದಾರಿಯೇ ಅಗ್ಗ. ನೆಲಕ್ಕೆ ಹಾಸುವ, ಸವೆಯದ ಬಿಲ್ಲೆ ಬೇಕೆನ್ನುವವರಿಗೆ ಮಾತ್ರ ಗಾಜು–ಪಿಂಗಾಣಿ ಲೆಕ್ಕಕ್ಕೆ ಬಂದೀತು.

ಕೋಲ್ಕತ್ತದ ಕೇಂದ್ರೀಯ ಗಾಜು ಮತ್ತು ಪಿಂಗಾಣಿ ಸಂಶೋಧನಾ ಸಂಸ್ಥೆಗೆ ಒಂದು ಚೀಲ ಬೂದಿ, ಒಂದು ಚೀಲ ಕಲ್ಲುಪುಡಿ ಪರೀಕ್ಷೆಗೆ ಹೋಗಲಿ. ಗಿರಣಿ ಮಾಲೀಕರೂ ಗಣಿಯವರೂ ಕೂಡಿ ಅಷ್ಟು ಖರ್ಚು ಹೊರಬಹುದು.