ತಿರುಗುವ ತಟ್ಟೆಯನ್ನು ಸೋಲಿಸಿದ ಗಾಜಿನ ಕೊಳವೆ

ಗೋಡೆಗೆ ಅಂಟಿಕೊಳ್ಳುವ ಚಪ್ಪಟೆ ಟಿ.ವಿ.ಗಳು ಬರುವ ಮುನ್ನ ಮನೆಯ ಮೂಲೆಯೊಂದನ್ನು ಆಕ್ರಮಿಸಿಕೊಂಡಿದ್ದುದು ಬೆನ್ನು ಉಬ್ಬಿದ, ಭಾರವಾದ ಪೆಟ್ಟಿಗೆ. ಆ ಗಾತ್ರಕ್ಕೆ ಕಾರಣ ಒಳಗಿದ್ದ ಗಾಜಿನ ಕೊಳವೆ. ಕ್ಯಾಥೋಡ್ ಕಿರಣ ಕೊಳವೆ ಎಂಬುದು ಅದರ ಶಾಸ್ತ್ರೀಯ ನಾಮ. ರಿಪೇರಿ ಅಂಗಡಿಗಳಲ್ಲಿ ಅದು ಬರೀ ‘ಪಿಕ್ಚರ್ ಟ್ಯೂಬ್’. ಹಲವು ದಶಕಗಳ ಕಾಲ ಜಗತ್ತು ಟಿ.ವಿ. ನೋಡಿದ್ದು ಇದರಲ್ಲಿಯೇ. ಆದರೆ ಟೆಲಿವಿಷನ್ನಿನ ಬಾಲ್ಯದಲ್ಲಿ ಈ ಕೊಳವೆಗೆ ಒಂದು ಪ್ರಬಲ ಎದುರಾಳಿಯಿತ್ತು. ಅದು ರಂಧ್ರಗಳುಳ್ಳ ತಿರುಗುವ ತಟ್ಟೆ.

ಕೊಳವೆಯೊಳಗೆ ನಡೆಯುವುದೇನು?

ಪಿಕ್ಚರ್ ಟ್ಯೂಬಿನ ಆಕಾರ ಆಲಿಕೆಯನ್ನು ಹೋಲುತ್ತದೆ. ಅಗಲವಾದ ಬಾಯಿಯೇ ಪರದೆ. ಕಿರಿದಾದ ಕುತ್ತಿಗೆಯಲ್ಲಿ ‘ಎಲೆಕ್ಟ್ರಾನ್ ಗನ್’ ಇರುತ್ತದೆ. ಒಳಗಿನ ಗಾಳಿಯನ್ನು ಹೊರತೆಗೆದು ನಿರ್ವಾತವನ್ನು ಉಂಟುಮಾಡಲಾಗಿರುತ್ತದೆ. ಇಲ್ಲವಾದರೆ ಎಲೆಕ್ಟ್ರಾನ್‌ಗಳು ಗಾಳಿಯ ಅಣುಗಳಿಗೆ ಢಿಕ್ಕಿ ಹೊಡೆದು ದಾರಿಯಲ್ಲೇ ಚದುರಿಹೋಗುತ್ತವೆ.

ಕ್ಯಾಥೋಡ್ ಎಂಬ ಋಣ ವಿದ್ಯುದಗ್ರವನ್ನು ಕಾಯಿಸಿದಾಗ ಅದರಿಂದ ಎಲೆಕ್ಟ್ರಾನ್‌ಗಳು ಹೊರಹೊಮ್ಮುತ್ತವೆ. ಸಾವಿರಾರು ವೋಲ್ಟ್‌ಗಳ ಧನ ವಿದ್ಯುದಗ್ರ ಅವನ್ನು ಪರದೆಯತ್ತ ಸೆಳೆಯುತ್ತದೆ. ಪರದೆಯ ಒಳಮೈಗೆ ಫಾಸ್ಫರ್ ಎಂಬ ವಸ್ತುವಿನ ಲೇಪವಿದೆ. ಕಿರಣ ತಾಗಿದ ಜಾಗ ಹೊಳೆಯುತ್ತದೆ. ಕಿರಣದ ತೀವ್ರತೆ ಹೆಚ್ಚಿದರೆ ಬಿಳಿ, ತಗ್ಗಿದರೆ ಬೂದು, ನಿಂತರೆ ಕಪ್ಪು.

ಕುತ್ತಿಗೆಯ ಸುತ್ತಲಿನ ತಂತಿ ಸುರುಳಿಗಳು ಉಂಟುಮಾಡುವ ಕಾಂತಕ್ಷೇತ್ರ ಕಿರಣವನ್ನು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಓಡಿಸುತ್ತದೆ. ಭಾರತದಲ್ಲಿ ಬಳಕೆಗೆ ಬಂದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಅಂದರೆ ಪ್ರತಿ ಸೆಕೆಂಡಿಗೆ 15,625 ಗೆರೆಗಳು! ಯಾವುದೇ ಕ್ಷಣದಲ್ಲಿ ಕಿರಣ ತಾಗುವುದು ಒಂದೇ ಚುಕ್ಕೆಯನ್ನು. ಈ ಚುಕ್ಕೆಗಳನ್ನು ಒಟ್ಟುಗೂಡಿಸಿ ಇಡೀ ಚಿತ್ರವಾಗಿ ಕಾಣುವುದು ನಮ್ಮ ಕಣ್ಣು ಮತ್ತು ಮಿದುಳು.

ಬ್ರೌನ್ ಬಯಸಿದ್ದೇ ಬೇರೆ

ಈ ಕೊಳವೆಯನ್ನು 1897ರಲ್ಲಿ ರೂಪಿಸಿದವರು ಜರ್ಮನಿಯ ಭೌತವಿಜ್ಞಾನಿ ಕಾರ್ಲ್ ಫರ್ಡಿನಾಂಡ್ ಬ್ರೌನ್. ಅವರ ಉದ್ದೇಶ ವಿದ್ಯುತ್ ಪ್ರವಾಹದ ಏರಿಳಿತವನ್ನು ಕಣ್ಣಿಗೆ ಕಾಣಿಸುವುದಾಗಿತ್ತೇ ಹೊರತು ಚಿತ್ರ ತೋರಿಸುವುದಲ್ಲ. ಚಿತ್ರವನ್ನು ಕಳುಹಿಸುವ ಮತ್ತು ಸ್ವೀಕರಿಸುವ ಎರಡೂ ತುದಿಗಳಲ್ಲಿ ಕ್ಯಾಥೋಡ್ ಕಿರಣವನ್ನೇ ಬಳಸಬಹುದೆಂದು ಬ್ರಿಟನ್ನಿನ ಎಂಜಿನಿಯರ್ ಕ್ಯಾಂಪ್‌ಬೆಲ್ ಸ್ವಿಂಟನ್ 1908ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದರು. ಆದರೆ ಅದು ಆಗ ಕೇವಲ ಕಲ್ಪನೆ.

ಕಾರ್ಯರೂಪಕ್ಕೆ ಮೊದಲು ಬಂದದ್ದು ತಟ್ಟೆ. ಸುರುಳಿಯಾಕಾರದಲ್ಲಿ ರಂಧ್ರಗಳನ್ನು ಕೊರೆದ ಈ ತಟ್ಟೆಗೆ ಜರ್ಮನಿಯ ಪಾಲ್ ನಿಪ್ಕೋ 1884ರಲ್ಲೇ ಪೇಟೆಂಟ್ ಅರ್ಜಿ ಸಲ್ಲಿಸಿದ್ದರು. ಸ್ಕಾಟ್ಲೆಂಡಿನ ಜಾನ್ ಲೋಗಿ ಬೇರ್ಡ್ 1926ರ ಜನವರಿಯಲ್ಲಿ ಲಂಡನ್ನಿನಲ್ಲಿ ಇದೇ ತತ್ವದ ಟೆಲಿವಿಷನ್ ಪ್ರದರ್ಶಿಸಿ ಜಗದ್ವಿಖ್ಯಾತರಾದರು. ಆ ಚಿತ್ರದಲ್ಲಿದ್ದುದು ಕೇವಲ 30 ಗೆರೆಗಳು. ಒಂದು ರಂಧ್ರ ಒಂದು ಗೆರೆಯನ್ನು ಮಾತ್ರ ಕೊಡುವುದರಿಂದ, ಸ್ಪಷ್ಟತೆ ಹೆಚ್ಚಬೇಕಾದರೆ ರಂಧ್ರಗಳೂ ಹೆಚ್ಚಬೇಕು. ಆಗ ಒಂದೋ ತಟ್ಟೆ ದೊಡ್ಡದಾಗಬೇಕು, ಇಲ್ಲವೇ ರಂಧ್ರ ಕಿರಿದಾಗಿ ಬೆಳಕು ಕುಂದಬೇಕು. ಎಲೆಕ್ಟ್ರಾನ್ ಕಿರಣಕ್ಕೆ ಈ ಕಷ್ಟವಿಲ್ಲ. ಅದರ ತೂಕ ನಗಣ್ಯ. ತಿರುಗಿಸಲು ಮೋಟಾರು ಬೇಡ, ಸವೆಯುವ ಭಾಗವಿಲ್ಲ.

1926ರ ಡಿಸೆಂಬರ್‌ನಲ್ಲಿ ಜಪಾನಿನ ಕೆಂಜಿರೋ ತಕಯಾನಗಿ ತಮ್ಮ ಭಾಷೆಯ ಒಂದು ಅಕ್ಷರವನ್ನು ಕೊಳವೆಯ ಮೇಲೆ ಮೂಡಿಸಿದರು. ಅವರ ಪ್ರೇಷಕದಲ್ಲಿ ಮಾತ್ರ ಇನ್ನೂ ತಟ್ಟೆಯೇ ಇತ್ತು. 1927ರ ಸೆಪ್ಟೆಂಬರ್ 7ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, 21ರ ಹರೆಯದ ಫೈಲೋ ಫಾರ್ನ್ಸ್‌ವರ್ತ್ ಎರಡೂ ತುದಿಗಳಲ್ಲಿ ಕೊಳವೆಯನ್ನೇ ಬಳಸಿ ಒಂದು ಸರಳರೇಖೆಯನ್ನು ರವಾನಿಸಿದರು.

ಲಂಡನ್ನಿನಲ್ಲಿ ನಿರ್ಣಯ

ಅಂತಿಮ ಪರೀಕ್ಷೆ ನಡೆದದ್ದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ. 1936ರ ನವೆಂಬರ್ 2ರಂದು ಬಿಬಿಸಿ ಆರಂಭಿಸಿದ ಪ್ರಸಾರದಲ್ಲಿ ಎರಡು ಪದ್ಧತಿಗಳಿಗೆ ಸರದಿಯಂತೆ ಅವಕಾಶ ನೀಡಲಾಯಿತು. ಆ ವೇಳೆಗೆ ಮನೆಯ ಟಿ.ವಿ.ಗಳಲ್ಲಿ ಕೊಳವೆ ಗೆದ್ದಾಗಿತ್ತು. ಉಳಿದಿದ್ದುದು ಕ್ಯಾಮೆರಾದ ಪ್ರಶ್ನೆ. ಬೇರ್ಡ್ ಕಂಪನಿಯದು 240 ಗೆರೆಗಳ ಚಿತ್ರ. ಸ್ಟುಡಿಯೋ ದೃಶ್ಯವನ್ನು ಮೊದಲು ಫಿಲ್ಮಿನಲ್ಲಿ ಸೆರೆಹಿಡಿದು, ಕೂಡಲೇ ಸಂಸ್ಕರಿಸಿ, ಬಳಿಕ ತಟ್ಟೆಯಿಂದ ಓದಿಸಬೇಕಿತ್ತು. ಮಾರ್ಕೋನಿ-ಇಎಂಐ ಕಂಪನಿಯದಾದರೋ ಪೂರ್ಣ ಎಲೆಕ್ಟ್ರಾನಿಕ್ ಕ್ಯಾಮೆರಾ, 405 ಗೆರೆಗಳು. 1937ರ ಆರಂಭದಲ್ಲೇ ಬೇರ್ಡ್ ಪದ್ಧತಿಯನ್ನು ಕೈಬಿಡಲಾಯಿತು. ಜನತೆಗೆ ಟೆಲಿವಿಷನ್ನಿನ ಕನಸು ತೋರಿಸಿದಾತನ ಯಂತ್ರವೇ ಟೆಲಿವಿಷನ್ನಿನಿಂದ ಹೊರಬಿತ್ತು.

ಇಂದು ಪಿಕ್ಚರ್ ಟ್ಯೂಬಿನ ಸರದಿಯೂ ಮುಗಿದಿದೆ. ಆದರೆ ಅಟ್ಟದ ಮೇಲಿನ ಹಳೆಯ ಟಿ.ವಿ.ಯ ಬಗ್ಗೆ ಎಚ್ಚರ ಅಗತ್ಯ. ನಿರ್ವಾತವಿರುವ ಕೊಳವೆ ಒಡೆದರೆ ಗಾಜು ರಭಸದಿಂದ ಸಿಡಿಯಬಹುದು. ಗಾಜಿನಲ್ಲಿ ಸೀಸದ ಅಂಶವಿರುತ್ತದೆ. ಪ್ಲಗ್ ತೆಗೆದ ಮೇಲೂ ಒಳಗೆ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಆದ್ದರಿಂದ ಅದನ್ನು ಬಿಚ್ಚದೆ, ಒಡೆಯದೆ, ಇ-ತ್ಯಾಜ್ಯ ಸಂಗ್ರಹಿಸುವ ಅಧಿಕೃತ ಕೇಂದ್ರಕ್ಕೆ ಒಪ್ಪಿಸುವುದೇ ಕ್ಷೇಮ.