ಬಿಸಿಲಿಗೆ ಬಂದ ಬೆಲೆ

ಚಿಕ್ಕಮಗಳೂರು ಎಂದೊಡನೆ ಮಂಜು ಮುಸುಕಿದ ಗಿರಿಗಳು, ಕಾಫಿಯ ತೋಟಗಳು, ಬಿಡದೆ ಸುರಿಯುವ ಮಳೆ ಕಣ್ಣಿಗೆ ಕಟ್ಟುತ್ತವೆ. ಅದೇ ಜಿಲ್ಲೆಯ ಕಡೂರು ತಾಲ್ಲೂಕಿನ ಸಿಂಗಟಗೆರೆಗೆ ಬರುವವರು ಈ ಚಿತ್ರವನ್ನು ದಾರಿಯಲ್ಲೇ ಬಿಟ್ಟು ಬರಬೇಕು. ಇದು ಅಪ್ಪಟ ಬಯಲುಸೀಮೆ. ತೆಂಗು, ರಾಗಿ, ಆಳಕ್ಕಿಳಿದ ಕೊಳವೆಬಾವಿ; ಎಲ್ಲಕ್ಕೂ ಮಿಗಿಲಾಗಿ ಬಿಸಿಲು. ಈ ಬಿಸಿಲನ್ನು ಇಲ್ಲಿನ ಗೃಹಿಣಿಯರು ಕೊಬ್ಬರಿಗೂ ಹಪ್ಪಳ ಸಂಡಿಗೆಗಳಿಗೂ ಎಂದಿನಿಂದಲೋ ದುಡಿಸಿಕೊಂಡು ಬಂದಿದ್ದಾರೆ. ಅದನ್ನೇ ವಿದ್ಯುತ್ತನ್ನಾಗಿ ಮಾಡಿ, ಮಿಕ್ಕದ್ದನ್ನು ಸರಬರಾಜು ಕಂಪನಿಗೆ ಕೊಟ್ಟು ಬಿಲ್ಲಿನಲ್ಲಿ ಜಮಾ ಪಡೆಯಬಹುದೆಂಬುದು ಮಾತ್ರ ಈಚಿನ ಮಾತು.

ಜಮಾದ ಲೆಕ್ಕ ನಡೆಯುವುದು ಹೀಗೆ. ಮಾಳಿಗೆಯ ಮೇಲಿನ ಸೌರಫಲಕಗಳಲ್ಲಿ ಹುಟ್ಟಿದ ವಿದ್ಯುತ್ತನ್ನು ಇನ್ವರ್ಟರ್ ಎಂಬ ಪೆಟ್ಟಿಗೆಯು ಮನೆಯ ದೀಪ, ಫ್ಯಾನುಗಳಿಗೆ ಒಗ್ಗುವಂತೆ ಮಾರ್ಪಡಿಸುತ್ತದೆ. ಹಗಲು ಮನೆಗೆ ಬೇಕಾದಷ್ಟು ಖರ್ಚಾಗಿ ಉಳಿದದ್ದು ಬೀದಿಯ ತಂತಿಗೆ ಹರಿಯುತ್ತದೆ. ರಾತ್ರಿ ಅದೇ ತಂತಿಯಿಂದ ಮನೆ ಪಡೆದುಕೊಳ್ಳುತ್ತದೆ. ಕೊಟ್ಟದ್ದನ್ನೂ ಪಡೆದದ್ದನ್ನೂ ಬೇರೆ ಬೇರೆಯಾಗಿ ಅಳೆಯುವ ದ್ವಿಮುಖ ಮೀಟರು ಗೋಡೆಯ ಮೇಲಿರುತ್ತದೆ. ತಿಂಗಳ ಕೊನೆಗೆ ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಪಡೆದದ್ದು ಹೆಚ್ಚಾದರೆ ಅಷ್ಟಕ್ಕೇ ಬಿಲ್ಲು. ಕೊಟ್ಟದ್ದು ಹೆಚ್ಚಾದರೆ ಆ ಹೆಚ್ಚುವರಿಯನ್ನು ಗೊತ್ತಾದ ದರದಲ್ಲಿ ಹಣವಾಗಿ ಎಣಿಸಿ ಮನೆಯವರ ಹೆಸರಿಗೆ ಜಮಾ ಮಾಡುತ್ತಾರೆ. ಸಿಂಗಟಗೆರೆಯ ಮನೆಗಳಿಗೆ ಈ ವ್ಯವಹಾರವೆಲ್ಲ ಮೆಸ್ಕಾಂ ಕಂಪನಿಯೊಡನೆ.

ಇಲ್ಲೊಂದು ಸಂಗತಿ ಅನೇಕರನ್ನು ಬೆರಗುಗೊಳಿಸುತ್ತದೆ. ನಡುಹಗಲಿನಲ್ಲಿ ಊರಿನ ವಿದ್ಯುತ್ತು ಹೋಯಿತೆನ್ನಿ. ತಲೆಯ ಮೇಲೆ ಸುಡುವ ಸೂರ್ಯನಿದ್ದರೂ, ಬ್ಯಾಟರಿಯಿಲ್ಲದ ಇಂಥ ಮನೆಯಲ್ಲಿ ಫ್ಯಾನು ನಿಂತುಬಿಡುತ್ತದೆ! ಇದು ದೋಷವಲ್ಲ. ಸತ್ತ ತಂತಿಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ಯಾರದೋ ಮನೆಯ ಮಾಳಿಗೆಯಿಂದ ವಿದ್ಯುತ್ತು ತಗುಲಬಾರದೆಂದು ಇನ್ವರ್ಟರು ತಾನಾಗಿಯೇ ಕೈಕಟ್ಟಿ ಕೂರುತ್ತದೆ. ಸ್ಥಾವರ ಮಾರುವವರು ಈ ಮಾತನ್ನು ಮೊದಲೇ ಬಿಡಿಸಿ ಹೇಳುವುದು ಲೇಸು.

ಇನ್ನು ಬೆಲೆ. ಸ್ವಾರಸ್ಯವಿರುವುದೂ ತಕರಾರು ಹುಟ್ಟುವುದೂ ಇಲ್ಲಿಯೇ. 2013ರ ಅಕ್ಟೋಬರಿನಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಮಾಳಿಗೆಯ ಸೌರವಿದ್ಯುತ್ತಿಗೆ, ಸಹಾಯಧನ ಪಡೆಯದವರಿಗೆ, ಯೂನಿಟ್‌ಗೆ 9 ರೂಪಾಯಿ 56 ಪೈಸೆ ಎಂದು ದರ ಕಟ್ಟಿತು. ಸಹಾಯಧನ ಪಡೆದವರಿಗೆ 7 ರೂಪಾಯಿ 20 ಪೈಸೆ. 2014ರ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿ ಬೆಸ್ಕಾಂ ಇದನ್ನು ಕಾರ್ಯರೂಪಕ್ಕೆ ತಂದಿತು. ಒಪ್ಪಂದದ ಅವಧಿ 25 ವರ್ಷ. ಆದರೆ ಫಲಕಗಳ ಬೆಲೆ ವರ್ಷದಿಂದ ವರ್ಷಕ್ಕೆ ಕುಸಿಯಿತು. 2016ರ ಮೇ ತಿಂಗಳಿನಲ್ಲಿ ಆಯೋಗವು ಸಣ್ಣ ಮನೆ-ಸ್ಥಾವರಗಳ ದರವನ್ನು, ಸಹಾಯಧನವಿಲ್ಲದವರಿಗೆ, 7 ರೂಪಾಯಿ 8 ಪೈಸೆಗೆ ಇಳಿಸಿತು. 2018ರ ಸುಮಾರಿಗೆ ಪಾವಗಡದ ವಿಸ್ತಾರವಾದ ಸೌರ ಉದ್ಯಾನದಲ್ಲಿ 3 ರೂಪಾಯಿಯ ಆಸುಪಾಸಿನ ದರಗಳು ಕೇಳಿಬಂದ ಮೇಲೆ, ಮಾಳಿಗೆಯವರಿಗೆ ದುಬಾರಿ ಬೆಲೆ ಕೊಡುವುದು ಕಂಪನಿಗೆ ಹೊರೆಯಾಗಿ ಕಂಡಿತು. ಅನಂತರದ ಆದೇಶಗಳಲ್ಲಿ ದರ ಇನ್ನೂ ಇಳಿಯಿತು.

ಹೀಗಾಗಿ ಒಂದೇ ಬೀದಿಯ ಎರಡು ಮಾಳಿಗೆಗಳ ಮೇಲೆ ಬೀಳುವ ಒಂದೇ ಬಿಸಿಲಿಗೆ ಎರಡು ಬೆಲೆ. ತಿಂಗಳಿಗೆ 100 ಯೂನಿಟ್ ಉಳಿಸಿಕೊಡುವ ಮನೆಗೆ ಹಳೆಯ ಕಾಗದವಿದ್ದರೆ 956 ರೂಪಾಯಿ. 2016ರ ಕಾಗದಕ್ಕೆ 708. ಹೊಸ ಕಾಗದಕ್ಕೆ ಅದಕ್ಕಿಂತಲೂ ಬಹಳ ಕಡಿಮೆ. ಮೊದಲು ಧೈರ್ಯಮಾಡಿದವರು ಫಲಕಗಳಿಗೂ ದುಬಾರಿ ಬೆಲೆ ತೆತ್ತವರೇ ಎಂಬುದನ್ನು ಮರೆಯಲಾಗದು.

ಇಂದು ಮಾಳಿಗೆ ನೋಡಿಕೊಳ್ಳುತ್ತಿರುವ ಯಜಮಾನರು ಮಾರಾಟದ ಲಾಭವನ್ನಲ್ಲ, ಉಳಿತಾಯವನ್ನು ಎಣಿಸಬೇಕು. 2024ರ ಏಪ್ರಿಲಿನಲ್ಲಿ ಗೃಹಬಳಕೆಯ ದರ ಯೂನಿಟ್‌ಗೆ 5 ರೂಪಾಯಿ 90 ಪೈಸೆಯಾಯಿತು. ಮನೆಯಲ್ಲೇ ಉಪಯೋಗವಾದ ಸೌರ ಯೂನಿಟ್ ಅಷ್ಟನ್ನು ಉಳಿಸಿದರೆ, ಮಾರಿದ ಯೂನಿಟ್ ಅಷ್ಟನ್ನು ತರಲಾರದು. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಅಥವಾ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿತು. ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಜಾಗ ಸುಮಾರು 100 ಚದರಡಿ ಬೇಕು.

ಆದರೆ ಸಿಂಗಟಗೆರೆಯಂಥ ಊರಿನಲ್ಲಿ ಮತ್ತೊಂದು ಪ್ರಶ್ನೆ ಎದುರಾಗುತ್ತದೆ. 2023ರಿಂದ ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ, ಹಿಂದಿನ ಸರಾಸರಿಗೆ ಸ್ವಲ್ಪ ಸೇರಿಸಿ, 200 ಯೂನಿಟ್‌ಗಳ ಮಿತಿಯೊಳಗೆ, ವಿದ್ಯುತ್ತು ಉಚಿತ. ತಿಂಗಳಿಗೆ 70-80 ಯೂನಿಟ್ ಸಾಕಾಗುವ ಸಂಸಾರಕ್ಕೆ ಬಿಲ್ಲೇ ಸೊನ್ನೆಯಾಗಿರುವಾಗ ಉಳಿಸುವುದಾದರೂ ಏನನ್ನು? 200ನ್ನು ದಾಟಿ ಪೂರಾ ಬಿಲ್ಲು ಕಟ್ಟುವ, ಫ್ರಿಜ್ಜು, ಗೀಸರು, ಪಂಪು ಇರುವ ದೊಡ್ಡ ಮನೆಗೇ ಫಲಕಗಳು ಬೇಗ ಅಸಲು ತೀರಿಸುತ್ತವೆ. ಒಂದು ಕೈಯಿಂದ ಉಚಿತ ವಿದ್ಯುತ್ತು, ಇನ್ನೊಂದು ಕೈಯಿಂದ ಸೌರಫಲಕಕ್ಕೆ ಪ್ರೋತ್ಸಾಹ. ಎರಡು ಸರ್ಕಾರಗಳ ಎರಡು ಔದಾರ್ಯಗಳು ಒಂದೇ ಮಾಳಿಗೆಯ ಮೇಲೆ ಹೀಗೆ ಅಡ್ಡಗಟ್ಟಿ ನಿಂತಿವೆ.

ನಿರ್ಧಾರ ಮಾಡಿದವರು ಕಾಗದಕ್ಕೆ ಸಹಿ ಹಾಕುವ ಮುನ್ನ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಮಾಳಿಗೆಯ ನೆರಳನ್ನು ಗಮನಿಸಬೇಕು. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಉತ್ಪತ್ತಿ ಕುಗ್ಗಬಹುದು. ಫಲ ಕೊಡುವ ಮರವನ್ನು ಕಡಿಯುವುದಕ್ಕಿಂತ ಫಲಕವನ್ನು ನಾಲ್ಕು ಮಾರು ಆಚೆಗೆ ಸರಿಸುವುದು ಸುಲಭ.