ಅಪಸ್ಮಾರದ ಗುಳಿಗೆಯೂ ಅದರ ಮುದ್ರೆಯೂ

ಹೆಸರಾಂತ ಕಂಪೆನಿಯ ಗುಳಿಗೆಯನ್ನು ಬಿಟ್ಟು, ಅದೇ ಔಷಧವನ್ನು ಜನಔಷಧಿ ಅಂಗಡಿಯಲ್ಲಿ ಅಲ್ಪ ಬೆಲೆಗೆ ಕೊಂಡರೆ ಅಪಸ್ಮಾರದ ರೋಗಿಗೆ ಕೇಡುಂಟೇ? ಅಗ್ಗದ್ದೆಲ್ಲ ಕಳಪೆಯೆಂದು ಹೆದರಿಸುವವರೂ ಉಂಟು, ಈ ಭಯವೇ ಮೌಢ್ಯವೆಂದು ನಗುವವರೂ ಉಂಟು. ಎರಡೂ ಸಲ್ಲದೆಂಬುದು ನಮ್ಮ ಅಭಿಪ್ರಾಯ.

ಭಯವು ನಿರಾಧಾರವಾದುದಲ್ಲ. 1968–69ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ಫೆನಿಟಾಯಿನ್ ಸೇವಿಸುತ್ತಿದ್ದ ಅನೇಕರಲ್ಲಿ ವಿಷಲಕ್ಷಣಗಳು ಕಾಣಿಸಿಕೊಂಡವು. ಔಷಧದ ತೂಕ ಹೆಚ್ಚಿರಲಿಲ್ಲ. ಕ್ಯಾಪ್ಸೂಲಿನಲ್ಲಿ ಔಷಧದೊಡನೆ ತುಂಬುವ ಪುಡಿ ಮಾತ್ರ ಬದಲಾಗಿ, ಕ್ಯಾಲ್ಸಿಯಂ ಸಲ್ಫೇಟಿನ ಸ್ಥಳಕ್ಕೆ ಲ್ಯಾಕ್ಟೋಸ್ ಬಂದಿತ್ತು. ಅಷ್ಟರಿಂದಲೇ ಔಷಧವು ಹೆಚ್ಚಾಗಿ ರಕ್ತಕ್ಕೆ ಸೇರಿತು. ಫೆನಿಟಾಯಿನ್ನಿನ ಸ್ವಭಾವವೇ ಹಾಗೆ: ಯಕೃತ್ತು ಅದನ್ನು ಒಂದು ಮಿತಿಯವರೆಗೆ ಮಾತ್ರ ನಿವಾರಿಸಬಲ್ಲುದು, ಅದರಾಚೆ ತುಸು ಹೆಚ್ಚಳವೂ ರಕ್ತದಲ್ಲಿ ಬಹಳವಾಗುತ್ತದೆ. ಕಡಿಮೆಯಾದರೋ ಸೆಳವು ಮರಳುತ್ತದೆ.

ಇಷ್ಟರಿಂದ ಜೆನೆರಿಕ್ ಔಷಧವನ್ನೇ ದೂರುವುದು ನ್ಯಾಯವಲ್ಲ. ಈಗ ಅಂತಹ ಔಷಧವು ರಕ್ತಕ್ಕೆ ಸೇರುವ ಪ್ರಮಾಣವನ್ನು ಮೂಲದೊಡನೆ ಹೋಲಿಸಿ ಅಳೆಯುತ್ತಾರೆ. ಅಳತೆಯ ಅನಿಶ್ಚಯವನ್ನೂ ಕೂಡಿಸಿ ಫಲಿತವು ಶೇಕಡ 80ರಿಂದ 125ರೊಳಗೆ ಇರತಕ್ಕದ್ದು. ಔಷಧವೇ ಶೇಕಡ 20ರಷ್ಟು ಕಡಿಮೆಯಿರಬಹುದೆಂದು ಇದಕ್ಕೆ ಅರ್ಥವಲ್ಲ. ಲ್ಯಾಮೊಟ್ರಿಜಿನ್‌ನ ಎರಡು ಭಿನ್ನ ಜೆನೆರಿಕ್‌ಗಳನ್ನು ಅಪಸ್ಮಾರದ ರೋಗಿಗಳಿಗೇ ಸರದಿಯಂತೆ ಕೊಟ್ಟು ಪರೀಕ್ಷಿಸಿದ ಅಮೆರಿಕದ ವೈದ್ಯರು, ರಕ್ತದಲ್ಲಿ ಅವೆರಡೂ ಸಮಾನವೆಂದು 2016ರಲ್ಲಿ ಪ್ರಕಟಿಸಿದರು. ನಮ್ಮ ದೇಶದಲ್ಲಂತೂ ಮುದ್ರೆಯುಳ್ಳ ಗುಳಿಗೆಗಳಲ್ಲಿ ಬಹುಪಾಲು ಮೂಲಸಂಶೋಧಕರವಲ್ಲ. ಹೆಸರು ತೊಟ್ಟ ಜೆನೆರಿಕ್‌ಗಳೇ!

ಹಾಗಾದರೆ ಕೇಡಿರುವುದು ತಿಳಿಯದೆ ನಡೆಯುವ ಬದಲಾವಣೆಯಲ್ಲಿ. ಈ ತಿಂಗಳು ಒಬ್ಬ ತಯಾರಕನದು, ಮುಂದಿನ ತಿಂಗಳು ಇನ್ನೊಬ್ಬನದು. "ಎರಡೂ ಒಂದೇ ಸ್ವಾಮಿ" ಎಂಬ ಅಂಗಡಿಯವನ ಮಾತೇ ಪ್ರಮಾಣ! ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್, ಪ್ರಿಮಿಡೋನ್ ಈ ನಾಲ್ಕರಲ್ಲಿ ರೋಗಿಯನ್ನು ಒಬ್ಬನೇ ತಯಾರಕನ ಔಷಧದಲ್ಲಿ ನಿಲ್ಲಿಸಬೇಕೆಂದು ಬ್ರಿಟನ್ನಿನ ಔಷಧ ನಿಯಂತ್ರಣಾಧಿಕಾರಿಗಳು 2013ರಲ್ಲಿ ಸೂಚಿಸಿದರು. ಲೆವೆಟಿರಾಸೆಟಮ್‌ಗೆ ಸಾಮಾನ್ಯವಾಗಿ ಆ ಕಟ್ಟು ಬೇಕಿಲ್ಲವೆಂದರು. ಈ ವಿವೇಚನೆ ನಮಗೂ ಒಪ್ಪತಕ್ಕದ್ದು.

ಬೆಲೆ ತೆರಲಾರದೆ ಗುಳಿಗೆಯನ್ನೇ ತಪ್ಪಿಸುವವನಿಗೆ ಇದಕ್ಕಿಂತ ಹೆಚ್ಚಿನ ಅಪಾಯವುಂಟು. ಅಂಥವನು ವೈದ್ಯರಿಗೆ ತಿಳಿಸಿ ಅಗ್ಗದ ಔಷಧಕ್ಕೆ ಬರಲಿ, ಬಂದ ಮೇಲೆ ಅದರಲ್ಲಿಯೇ ನಿಲ್ಲಲಿ. ಫೆನಿಟಾಯಿನ್ ಆದರೆ ರಕ್ತಪರೀಕ್ಷೆಯ ವಿಷಯವನ್ನೂ ಕೇಳಲಿ. ಜನಔಷಧಿ ಅಂಗಡಿಗಳಿಗೆ ಈ ನಾಲ್ಕು ಔಷಧಗಳನ್ನಾದರೂ ಒಬ್ಬನೇ ತಯಾರಕನಿಂದ ತಪ್ಪದೆ ಒದಗಿಸುವ ಏರ್ಪಾಡನ್ನು ಸರಕಾರವು ಮಾಡಲಿ. ಅಲ್ಲಿಯವರೆಗೆ ಮನೆಯವರು ಹಳೆಯ ಪಟ್ಟಿಯನ್ನು ಎಸೆಯದೆ ಅಂಗಡಿಗೆ ಒಯ್ದು, ತಯಾರಕನ ಹೆಸರನ್ನು ಓದಿ ನೋಡಿಯೇ ಹಣ ಕೊಡಲಿ.